ಕಾಣದಿರುವುದೂ ಇಲ್ಲದಿರುವುದೂ

ನೆಲದ ಮೇಲೆ ಗಡಿಗೆಯಿಲ್ಲವೆಂಬುದು ಯಾವ ಪ್ರಮಾಣದಿಂದ ತಿಳಿಯುತ್ತದೆಂದು ನಮ್ಮ ಶಾಸ್ತ್ರಕಾರರು ಶತಮಾನಗಳ ಕಾಲ ವಾದಿಸಿದರು. ಅಭಾವವೂ ಪ್ರತ್ಯಕ್ಷಗೋಚರವೆಂದು ನೈಯಾಯಿಕರೂ, ಅದಕ್ಕೆ ಅನುಪಲಬ್ಧಿಯೆಂಬ ಬೇರೆಯೇ ಪ್ರಮಾಣ ಬೇಕೆಂದು ಕುಮಾರಿಲಭಟ್ಟನ ಪಂಥದ ಮೀಮಾಂಸಕರೂ ಸಾಧಿಸಿದರು. ಆದರೆ ಈ ಎರಡನೆಯವರು, ವಸ್ತುವು ಅಲ್ಲಿದ್ದಿದ್ದರೆ ಕಾಣಲೇಬೇಕಾಗಿದ್ದ ಸಂದರ್ಭದಲ್ಲಿ ಕಾಣದೆ ಹೋದರೆ ಮಾತ್ರ ಅದು ಇಲ್ಲವೆನ್ನತಕ್ಕದ್ದೆಂಬ ನಿಬಂಧನೆಯನ್ನು ಬಿಡದೆ ಸೇರಿಸಿದರು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದು ಅದರ ಅಭಾವಕ್ಕೆ ಸಾಕ್ಷಿಯಾಗದು. ಇದು ಪಂಡಿತರ ಕಾಲಹರಣವೆನ್ನುವವರು ಕೊಳವೆಬಾವಿಯ ನೀರನ್ನು ಪರೀಕ್ಷಿಸುವ ರಸಾಯನಶಾಲೆಗೆ ಒಮ್ಮೆ ಹೋಗಿಬರಬೇಕು.

ನೀರಿನಲ್ಲಿ ಕರಗಿದ ಆರ್ಸೆನಿಕ್ಕಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಲೀಟರಿಗೆ 50 ಮೈಕ್ರೋಗ್ರಾಂ ಎಂದಿದ್ದ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ 10ಕ್ಕೆ ಇಳಿಸಿತು. ನೀರಿಗೆ ಆಮ್ಲವನ್ನೂ ಸತುವಿನ ಪುಡಿಯನ್ನೂ ಹಾಕಿ, ಪಾದರಸದ ಬ್ರೋಮೈಡ್ ಹಚ್ಚಿದ ಕಾಗದವನ್ನು ಬಾಟಲಿಯ ಬಾಯಿಗಿಟ್ಟರೆ, ಮೇಲೆದ್ದ ಆರ್ಸೀನ್ ಅನಿಲ ತಗುಲಿ ಕಾಗದ ಹಳದಿಗೆ, ವಿಷ ಹೆಚ್ಚಿದ್ದರೆ ಕಂದುಬಣ್ಣಕ್ಕೆ ತಿರುಗುತ್ತದೆ. ಆದರೆ ನಸುಹಳದಿಯನ್ನು ಬಿಳಿಯೆಂದು ಓದುವ ಕಣ್ಣಿಗೇನು ಹೇಳೋಣ? ನೀರಿನ ತುಂತುರನ್ನು ಆರ್ಗಾನ್ ಪ್ಲಾಸ್ಮಾದಲ್ಲಿ ಬೇಯಿಸಿ, ಪರಮಾಣುಗಳನ್ನು ಅವುಗಳ ರಾಶಿಯಿಂದ ಗುರುತಿಸಿ ಎಣಿಸುವ ಯಂತ್ರ ಇದಕ್ಕಿಂತ ಬಹಳ ಸೂಕ್ಷ್ಮವಾದುದು. ಅದಕ್ಕೂ ಭ್ರಾಂತಿಯುಂಟು: 40ರ ಆರ್ಗಾನೂ ನೀರಿನ ಉಪ್ಪಿನಿಂದ ಬಂದ 35ರ ಕ್ಲೋರೀನೂ ಕೂಡಿಕೊಂಡು 75 ಆದಾಗ, ಅದೇ ರಾಶಿಯ ಆರ್ಸೆನಿಕ್ಕೆಂದೇ ಯಂತ್ರ ಎಣಿಸುತ್ತದೆ. ಆದುದರಿಂದಲೇ ಪ್ರಾಮಾಣಿಕನಾದ ರಸಾಯನಜ್ಞನು ಆರ್ಸೆನಿಕ್ಕಿಲ್ಲದ ಶುದ್ಧಜಲವನ್ನು ಪದೇ ಪದೇ ಅಳೆದು, ಆಗ ತೋರುವ ಅಂಕಿಗಳ ಓಲಾಟದ ಮೂರು ಪಟ್ಟಿಗಿಂತ ಕೆಳಗೆ ತಾನೇನನ್ನೂ ಹೇಳಲಾರೆನೆಂದು ಒಪ್ಪಿ, 'ಕಂಡುಬಂದಿಲ್ಲ' ಎಂಬುದರ ಪಕ್ಕದಲ್ಲಿ ಆ ಮಿತಿಯನ್ನೂ ಬರೆಯುತ್ತಾನೆ. ಮೀಮಾಂಸಕನ ನಿಬಂಧನೆಯೇ ಇಲ್ಲಿ ಅಂಕಿಯಾಗಿ ಕುಳಿತಿದೆಯೆಂದು ನನ್ನ ಎಣಿಕೆ.

ಕೆರೆನೀರಿನ ರೋಗಗಳಿಂದ ಪಾರಾಗಲೆಂದು ಕೊಳವೆಬಾವಿಗಳನ್ನು ತೋಡಿಸಿಕೊಂಡಿದ್ದ ಬಾಂಗ್ಲಾದೇಶದಲ್ಲಿ, ಬ್ರಿಟಿಷ್ ಭೂವಿಜ್ಞಾನ ಸಂಸ್ಥೆ 1992ರಲ್ಲಿ ಅನೇಕ ಬಾವಿಗಳ ನೀರಿನ ಹಲವು ಧಾತುಗಳನ್ನು ಅಳೆಯಿತು, ಆರ್ಸೆನಿಕ್ಕನ್ನು ಅಳೆಯಲಿಲ್ಲ. ಆರ್ಸೆನಿಕ್ ಬೆರೆತ ಬಾವಿನೀರನ್ನು ಕುಡಿದು ಕಾಯಿಲೆ ಬಿದ್ದವನೊಬ್ಬ ಹೂಡಿದ ದಾವೆಯನ್ನು, ಆ ಸಂಸ್ಥೆಗೆ ಅವನ ವಿಷಯದಲ್ಲಿ ಎಚ್ಚರ ವಹಿಸುವ ಕರ್ತವ್ಯಬಂಧನವಿರಲಿಲ್ಲವೆಂದು 2006ರಲ್ಲಿ ಇಂಗ್ಲೆಂಡಿನ ಪ್ರಭುಸಭೆ ತಳ್ಳಿಹಾಕಿತು. ಕಾನೂನಿನ ಮಾತು ಹಾಗಿರಲಿ. ನೋಡಿಯೂ ಕಾಣದಿದ್ದುದನ್ನೇ ಅಷ್ಟು ಸುಲಭವಾಗಿ ಇಲ್ಲವೆನ್ನಲೊಪ್ಪದ ಮೀಮಾಂಸಕನ ಮುಂದೆ ಆ ಸಂಸ್ಥೆಯ ಅಳತೆಯ ವರದಿ ಬಂದಿದ್ದರೆ, ನೋಡದೆಯೇ ಬಿಟ್ಟುದನ್ನು ಅವನು ಅನುಪಲಬ್ಧಿಯ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.