ಮರೆತವನ ಹಣ ಮತ್ತು ಗೃಹಸ್ಥನ ವಿವೇಕ

ಗೃಹಸ್ಥನಾದವನು ಮನೆಗೆ ಬರುವ ಪ್ರತಿಯೊಂದು ವಸ್ತುವಿನ ಬೆಲೆಯನ್ನು ವಿಚಾರಿಸಬೇಕು, ಆಯಕ್ಕೆ ತಕ್ಕಂತೆ ವ್ಯಯ ಮಾಡಬೇಕು ಎಂಬುದು ಶ್ರಾವಕಾಚಾರದ ಗ್ರಂಥಗಳನ್ನು ಓದದವರೂ ಒಪ್ಪುವ ಮಾತು. ಅಕ್ಕಿ, ಬೇಳೆ, ಬಟ್ಟೆಗಳ ವಿಷಯದಲ್ಲಿ ಸರಳವಾಗಿ ತೋರುವ ಈ ಮಾತು, ಇಂದು ಮನೆಮನೆಯನ್ನೂ ಪ್ರವೇಶಿಸಿರುವ ಅಂತರಜಾಲದ ಸಂಪರ್ಕದ ವಿಷಯದಲ್ಲಿ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಅಕ್ಕಿಯಂಗಡಿಯವನು ನಿನ್ನೆ ಬಂದವನಿಗೂ ಇಪ್ಪತ್ತು ವರ್ಷಗಳಿಂದ ಬರುತ್ತಿರುವವನಿಗೂ ಒಂದೇ ದರ ಹೇಳುತ್ತಾನೆ. ಹೆಚ್ಚೆಂದರೆ ಹಳಬನ ಚೀಲಕ್ಕೆ ಒಂದು ಹಿಡಿ ಹೆಚ್ಚು ಬೀಳುತ್ತದೆ. ಬ್ರಾಡ್‌ಬ್ಯಾಂಡ್ ಮಾರುವ ಸಂಸ್ಥೆಗಳಲ್ಲಿ ಅನೇಕವು ಇದಕ್ಕೆ ತೀರ ವಿರುದ್ಧವಾಗಿ ನಡೆದುಕೊಳ್ಳುತ್ತವೆ. ಹೊಸಬನಿಗೆ ಅಗ್ಗ, ಹಳಬನಿಗೆ ತುಟ್ಟಿ. ಹೀಗಿರುವಾಗ ಬೆಲೆ ಏರಿತೆಂದು ಒಂದು ಸಂಸ್ಥೆಯನ್ನು ಬಿಟ್ಟು ಅಗ್ಗದ ಇನ್ನೊಂದನ್ನು ಸೇರುವುದು ಲೋಭವೇ, ವಿವೇಕವೇ? ಮನೆಯ ಹಿರಿಯರು "ಇದ್ದಲ್ಲೇ ಇರೋಣ, ನಾಲ್ಕು ಕಾಸಿಗಾಗಿ ಅಲೆಯುವುದೇಕೆ" ಎನ್ನುತ್ತಾರೆ. ಮಕ್ಕಳು "ಸುಮ್ಮನೆ ಹೆಚ್ಚು ಕೊಡುವುದೇಕೆ" ಎನ್ನುತ್ತಾರೆ. ಎರಡು ಮಾತುಗಳಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ.

ಈ ಪ್ರಶ್ನೆ ಅತ್ಯಂತ ಬಹಿರಂಗವಾಗಿ ಚರ್ಚೆಗೆ ಬಂದ ದೇಶ ಬ್ರಿಟನ್. 1988ರಲ್ಲಿ ಲೀಸ್ಟರ್ ನಗರದಲ್ಲಿ ಜಿನಮಂದಿರದ ಪ್ರತಿಷ್ಠೆಯಾಗುವ ಮೊದಲೇ ಅಲ್ಲಿ ನೆಲೆಸಿದ್ದ ಜೈನ ಕುಟುಂಬಗಳಿಂದ ಹಿಡಿದು, ಇತ್ತೀಚೆಗೆ ಉದ್ಯೋಗಕ್ಕಾಗಿ ಹೋದ ತರುಣರವರೆಗೆ, ನಮ್ಮ ಸಮಾಜದವರೂ ಅಲ್ಲಿನ ಗ್ರಾಹಕರೇ ಆಗಿದ್ದಾರೆ. ಆದ್ದರಿಂದ ಅಲ್ಲಿನ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ.

ಅಲ್ಲಿ ಬ್ರಾಡ್‌ಬ್ಯಾಂಡ್ ಕೊಳ್ಳುವವನು ಸಾಮಾನ್ಯವಾಗಿ ಒಂದೂವರೆ ಅಥವಾ ಎರಡು ವರ್ಷಗಳ ಕರಾರಿಗೆ ಸಹಿ ಹಾಕುತ್ತಾನೆ. ಅವಧಿ ಮುಗಿಯುವವರೆಗೆ ರಿಯಾಯಿತಿಯ ದರ. ಮುಗಿದ ಬಳಿಕ ಗ್ರಾಹಕನು ಏನನ್ನೂ ಮಾಡದೆ ಕುಳಿತರೆ ದರ ತಾನಾಗಿಯೇ ಮೇಲೇರುತ್ತದೆ. ಸಂಪರ್ಕ ಅದೇ, ವೇಗ ಅದೇ, ಮನೆಯ ಮೂಲೆಯಲ್ಲಿ ಮಿನುಗುವ ರೌಟರ್ ಸಹ ಅದೇ. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ಅಲ್ಲಿನ ಬಹುಪಾಲು ಸಂಸ್ಥೆಗಳು ಓಪನ್‌ರೀಚ್ ಎಂಬ ಒಂದೇ ಸಂಸ್ಥೆಯ ತಂತಿಗಳನ್ನು ಬಾಡಿಗೆಗೆ ಪಡೆದು ಸೇವೆ ಒದಗಿಸುತ್ತವೆ. ಅಂದರೆ ಒಂದೇ ಬೀದಿಯ ಎರಡು ಮನೆಗಳಿಗೆ ಒಂದೇ ಕಂಬದಿಂದ ಬರುವ ತಂತಿಗೆ ಎರಡು ಬೆಲೆ. ವಸ್ತುವಿನ ಗುಣದಿಂದ ಹುಟ್ಟಿದ ವ್ಯತ್ಯಾಸವಲ್ಲ ಇದು. ಒಬ್ಬನು ಕರಾರಿನ ದಿನಾಂಕವನ್ನು ನೆನಪಿಟ್ಟಿದ್ದಾನೆ, ಇನ್ನೊಬ್ಬನು ಮರೆತಿದ್ದಾನೆ, ಅಷ್ಟೇ.

2018ರ ಸೆಪ್ಟೆಂಬರ್‌ನಲ್ಲಿ ಸಿಟಿಜನ್ಸ್ ಅಡ್ವೈಸ್ ಎಂಬ ಸೇವಾಸಂಸ್ಥೆ ಅಲ್ಲಿನ ಸ್ಪರ್ಧಾ ಪ್ರಾಧಿಕಾರಕ್ಕೆ ವಿಶೇಷ ದೂರನ್ನು ಸಲ್ಲಿಸಿತು. ಮೊಬೈಲ್, ಬ್ರಾಡ್‌ಬ್ಯಾಂಡ್, ಗೃಹವಿಮೆ, ಗೃಹಸಾಲ, ಉಳಿತಾಯ ಖಾತೆ ಎಂಬ ಐದು ಕ್ಷೇತ್ರಗಳಲ್ಲಿ ಹಳೆಯ ಗ್ರಾಹಕರು ವರ್ಷಕ್ಕೆ 410 ಕೋಟಿ ಪೌಂಡ್‌ಗಳಷ್ಟು ಹೆಚ್ಚಾಗಿ ತೆರುತ್ತಿದ್ದಾರೆಂಬುದು ಅದರ ಲೆಕ್ಕ. ಇದಕ್ಕೆ ಅಲ್ಲಿಯ ಜನ ಕೊಟ್ಟ ಹೆಸರು 'ನಿಷ್ಠೆಗೆ ದಂಡ'. ನಿಷ್ಠೆಯೆಂಬ ಸದ್ಗುಣಕ್ಕೆ ದಂಡ ಬೀಳುವ ವ್ಯಾಪಾರ! ಮುಂದೆ 2022ರ ಜನವರಿ 1ರಿಂದ ಗೃಹವಿಮೆ ಮತ್ತು ವಾಹನವಿಮೆಗಳಲ್ಲಿ ಹಳಬರಿಗೆ ಹೊಸಬರಿಗಿಂತ ಹೆಚ್ಚಿನ ದರ ವಿಧಿಸುವುದನ್ನು ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ನಿಷೇಧಿಸಿತು. ಬ್ರಾಡ್‌ಬ್ಯಾಂಡ್‌ಗೆ ಅಂತಹ ನಿಷೇಧ ಬರಲಿಲ್ಲ. ಕರಾರು ಮುಗಿಯುವ ಮುನ್ನ ಗ್ರಾಹಕನಿಗೆ ಸೂಚನೆ ಕಳುಹಿಸಬೇಕೆಂಬ ನಿಯಮ 2020ರಲ್ಲಿ ಬಂದಿತು, ಅಷ್ಟರಲ್ಲೇ ನಿಂತಿತು. ಒಂದೇ ದೇಶ ಒಂದು ವ್ಯಾಪಾರದಲ್ಲಿ ಅನ್ಯಾಯವೆಂದು ಕಂಡದ್ದನ್ನು ಇನ್ನೊಂದರಲ್ಲಿ ಸಹಿಸಿಕೊಂಡಿದೆ.

ಕರಾರಿನ ನಡುವೆಯೂ ಬೆಲೆ ಏರುವುದುಂಟು. ಹಣದುಬ್ಬರದ ಪ್ರಮಾಣಕ್ಕೆ ಶೇಕಡಾ 3.9ನ್ನು ಕೂಡಿಸಿ ಪ್ರತಿ ವಸಂತದಲ್ಲಿ ದರ ಏರಿಸುವ ಷರತ್ತನ್ನು ಹಲವು ದೊಡ್ಡ ಸಂಸ್ಥೆಗಳು ಕರಾರಿನಲ್ಲಿ ಸೇರಿಸಿದ್ದವು. 2022ರ ಡಿಸೆಂಬರ್‌ನಲ್ಲಿ ಹಣದುಬ್ಬರ ಶೇಕಡಾ 10.5 ಆಗಿದ್ದುದರಿಂದ 2023ರ ವಸಂತದಲ್ಲಿ ಏರಿಕೆ ಶೇಕಡಾ 14.4ನ್ನು ಮುಟ್ಟಿತು. ಬೇಡವೆಂದು ನಡುವೆ ಬಿಡಹೋದವನಿಗೆ ಬಿಡುಗಡೆಯ ಶುಲ್ಕ. 2025ರ ಜನವರಿ 17ರಿಂದ ಹೊಸ ಕರಾರುಗಳಲ್ಲಿ ಏರಿಕೆಯನ್ನು ಶೇಕಡಾವಾರಿನ ಮರೆಯಲ್ಲಿಡದೆ ಪೌಂಡ್ ಮತ್ತು ಪೆನ್ಸ್‌ಗಳಲ್ಲಿ ಸ್ಪಷ್ಟವಾಗಿ ಬರೆಯಬೇಕೆಂದು ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ ವಿಧಿಸಿದೆ. ಇದು ಪಾರದರ್ಶಕವೇ ಸರಿ. ಆದರೆ ತಿಂಗಳಿಗೆ 3 ಪೌಂಡ್ ಏರಿಕೆಯೆಂದರೆ 60 ಪೌಂಡ್ ಕೊಡುವವನಿಗೆ ಶೇಕಡಾ 5, 25 ಪೌಂಡ್ ಕೊಡುವವನಿಗೆ ಶೇಕಡಾ 12. ಸ್ಪಷ್ಟವಾಗಿ ಬರೆದ ಮಾತ್ರಕ್ಕೆ ಭಾರ ಸಮನಾಗಿ ಹಂಚಿಹೋಗಲಿಲ್ಲ.

ಬೆಲೆ ಏರಿಸುವುದೇ ಪಾಪವೆಂದು ಇಲ್ಲಿ ಹೇಳುತ್ತಿಲ್ಲ. 2024ರ ಜುಲೈ ಮೊದಲ ವಾರದಲ್ಲಿ ಭಾರತದ ಮೂರು ಖಾಸಗಿ ಮೊಬೈಲ್ ಸಂಸ್ಥೆಗಳು ದರ ಏರಿಸಿದಾಗ ಲಕ್ಷಾಂತರ ಜನ ಸರಕಾರಿ ಸ್ವಾಮ್ಯದ ಬಿಎಸ್‌ಎನ್‌ಎಲ್ ಕಡೆಗೆ ತಿರುಗಿದರು. ಆ ಏರಿಕೆ ಕಹಿಯಾಗಿತ್ತು, ಆದರೆ ಹೊಸಬ ಹಳಬರೆನ್ನದೆ ಎಲ್ಲರಿಗೂ ಒಂದೇ ಪಟ್ಟಿ. ವ್ಯಾಪಾರಿ ಬೆಲೆ ಹೇಳಿದ, ಒಪ್ಪದವರು ಎದ್ದುಹೋದರು. ಲೆಕ್ಕ ಅಲ್ಲಿಗೆ ಚೊಕ್ಕ. ಬ್ರಿಟನ್ನಿನ ಪದ್ಧತಿಯಲ್ಲಿ ತೊಡಕಿರುವುದು ಏರಿಕೆಯಲ್ಲಲ್ಲ, ಅದು ಯಾರ ಮೇಲೆ ಬೀಳುವಂತೆ ಏರ್ಪಡಿಸಲಾಗಿದೆ ಎಂಬುದರಲ್ಲಿ.

ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ರೀತಿ ಅತ್ಯಂತ ಸೂಕ್ಷ್ಮವಾಗಿದೆ. ಒಬ್ಬನು ಚಿನ್ನವನ್ನೋ ಹಣವನ್ನೋ ಇನ್ನೊಬ್ಬನಲ್ಲಿ ಇಡುಗಂಟಾಗಿ ಇಟ್ಟಿದ್ದಾನೆ. ಕಾಲಾಂತರದಲ್ಲಿ ಸಂಖ್ಯೆಯನ್ನು ಮರೆತು, ಇಟ್ಟದ್ದಕ್ಕಿಂತ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು "ಹೌದು, ಅಷ್ಟೇ" ಎಂದು ಒಪ್ಪಿ ಕೊಡುತ್ತಾನೆ. ಅವನು ಕನ್ನ ಹಾಕಲಿಲ್ಲ, ಸುಳ್ಳು ಲೆಕ್ಕ ಬರೆಯಲಿಲ್ಲ. ಇನ್ನೊಬ್ಬನ ಮರೆವಿಗೆ ತಲೆಯಾಡಿಸಿದ, ಅಷ್ಟೇ. ಆದರೂ ಅದು ಅತಿಚಾರ. ಮರೆವನ್ನು ಸಂಪಾದನೆಯ ಸಾಧನವಾಗಿ ಮಾಡಿಕೊಂಡವನು ಸತ್ಯದಿಂದ ಜಾರಿದನೆಂಬುದು ಅಲ್ಲಿಯ ಅಭಿಪ್ರಾಯ.

ಬ್ರಾಡ್‌ಬ್ಯಾಂಡ್ ಸಂಸ್ಥೆಯ ಬಳಿ ಗ್ರಾಹಕನ ಇಡುಗಂಟೇನೂ ಇಲ್ಲ, ಹೋಲಿಕೆ ಪೂರ್ಣವಾಗಿ ಹೊಂದುವುದಿಲ್ಲ ಎಂದು ವಾದಿಸಬಹುದು. ವಾದ ಸಾಧುವೇ. ಅವಧಿಯ ನಂತರದ ದರ ಕರಾರಿನಲ್ಲಿಯೇ ಇದೆ, ಪತ್ರವೂ ಬರುತ್ತದೆ, ಓದದೆ ಇದ್ದರೆ ತಪ್ಪು ಯಾರದು? ಆದರೂ ಒಂದು ಪರೀಕ್ಷೆ ಉಳಿಯುತ್ತದೆ. ಎಲ್ಲ ಗ್ರಾಹಕರೂ ಆ ಪತ್ರವನ್ನು ಓದಿ ಅರ್ಥಮಾಡಿಕೊಂಡರೆ ಸಂಸ್ಥೆಗೆ ಸಂತೋಷವಾಗುವುದೋ, ನಷ್ಟವಾಗುವುದೋ? ನಷ್ಟವಾಗುವುದಾದರೆ ಆ ಪತ್ರವು ಓದದಿರಲೆಂದೇ ಬರೆದ ಪತ್ರ. ತೂಕದ ಬಟ್ಟು ಸರಿಯಾಗಿದ್ದು ತಕ್ಕಡಿಯನ್ನು ಮಾತ್ರ ಕತ್ತಲಲ್ಲಿಟ್ಟಂತೆ ಆಯಿತು.

ಹಾಗಾದರೆ ಬಿಟ್ಟುಹೋಗುವ ಗೃಹಸ್ಥನು ನಿರ್ದೋಷಿಯೇ? ಅವನ ಕಡೆಯಲ್ಲಿಯೂ ನೋಡಬೇಕಾದುದಿದೆ. ದರ ಏರಿದೊಡನೆ ಸಂಸ್ಥೆಗೆ ಕರೆಮಾಡಿ "ಬಿಟ್ಟುಹೋಗುತ್ತೇನೆ" ಎಂದು ಬೆದರಿಸಿದರೆ ಅಲ್ಲಿ ಗ್ರಾಹಕರನ್ನು ಉಳಿಸಿಕೊಳ್ಳಲೆಂದೇ ಕುಳಿತವರು ಗುಟ್ಟಾಗಿ ರಿಯಾಯಿತಿ ಕೊಡುತ್ತಾರೆ. ಇದನ್ನು ಜಾಣತನವೆಂದು ಎಲ್ಲೆಡೆ ಉಪದೇಶಿಸಲಾಗುತ್ತದೆ. ಬಿಡುವ ಉದ್ದೇಶವಿಲ್ಲದೆ ಹಾಗೆ ಹೇಳುವುದು ಅಸತ್ಯವೇ. ಎದುರಿನ ಸಂಸ್ಥೆ ಎಷ್ಟೇ ದೊಡ್ಡದಾಗಿರಲಿ, ಕೇಳುವವನು ಎಷ್ಟೇ ಅಪರಿಚಿತನಾಗಿರಲಿ, ಆಡಿದ ನಾಲಗೆ ತನ್ನದು. "ಇಂತಹ ಸಂಸ್ಥೆ ಇಷ್ಟಕ್ಕೆ ಕೊಡುತ್ತದೆ, ನೀವು ಕೊಡುವಿರಾ" ಎಂದು ಇದ್ದದ್ದನ್ನು ಕೇಳಿದರೆ ಅದೇ ಕೆಲಸವಾಗುತ್ತದೆ, ವ್ರತಕ್ಕೂ ಭಂಗವಿಲ್ಲ. ಇನ್ನೊಂದು ಉಪಾಯವೂ ಪ್ರಚಲಿತವಾಗಿದೆ: ಗಂಡನ ಹೆಸರಿನ ಸಂಪರ್ಕವನ್ನು ತೆಗೆದು ಹೆಂಡತಿಯ ಹೆಸರಿನಲ್ಲಿ 'ಹೊಸ ಗ್ರಾಹಕ'ರಾಗುವುದು. ಅರ್ಜಿಯಲ್ಲಿ ಈ ಮನೆಗೆ ಮೊದಲು ಸಂಪರ್ಕವಿತ್ತೇ ಎಂದು ಕೇಳಿ, ಇಲ್ಲವೆಂದು ಬರೆದರೆ ಅದು ನೇರವಾದ ಸುಳ್ಳು. ಕೇಳದಿದ್ದರೆ ಸುಳ್ಳಲ್ಲ, ಆದರೆ ಕಷಾಯಗಳ ಸಾಲಿನಲ್ಲಿ ಮಾಯೆಗೆ ಒಂದು ಸ್ಥಾನವಿದೆ ಎಂಬುದನ್ನು ಮರೆಯುವಂತಿಲ್ಲ. ಹಳೆಯ ರೌಟರಿನ ಮಾತೂ ಅಷ್ಟೇ. ಬಹಳಷ್ಟು ಕಡೆ ಅದು ಸಂಸ್ಥೆಯ ಸ್ವತ್ತು. ಹಿಂದಿರುಗಿಸಬೇಕೆಂದು ಪತ್ರ ಬಂದರೂ ಬೀರುವಿನಲ್ಲಿ ಇಟ್ಟುಕೊಂಡು ಕುಳಿತರೆ ಅದು ಅದತ್ತಾದಾನ, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಂಡಂತೆ. ಉಪಯೋಗಕ್ಕೆ ಬಾರದ ಪೆಟ್ಟಿಗೆಗಾಗಿ ಮಾಡುವ ಈ ಕಳ್ಳತನದಷ್ಟು ನಿಷ್ಫಲವಾದುದು ಬೇರೊಂದಿರಲಾರದು.

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಬೇರೆ. ಹೊಸ ಗ್ರಾಹಕನಿಗೆ ಸಿಗುವ ಅಗ್ಗದ ದರ ಆಕಾಶದಿಂದ ಇಳಿದದ್ದಲ್ಲ. ಅದರ ಒಂದು ಭಾಗವನ್ನು ತೆರುತ್ತಿರುವವರು ಬಿಡಲಾರದೆ ಉಳಿದವರು: ಒಂಟಿಯಾಗಿರುವ ವೃದ್ಧರು, ಆಂಗ್ಲ ಪತ್ರವನ್ನು ಓದಲಾರದ ವಲಸಿಗರು, ದೂರವಾಣಿಯೂ ಅದೇ ತಂತಿಯಲ್ಲಿ ಬರುತ್ತಿರುವುದರಿಂದ ಬದಲಿಸಿದರೆ ಎಲ್ಲಿ ಕರೆಯೇ ನಿಂತುಹೋಗುವುದೋ ಎಂದು ಅಂಜುವವರು. ಕಳ್ಳನು ತಂದುದನ್ನು ಅಗ್ಗಕ್ಕೆ ಕೊಳ್ಳುವುದು ತದಾಹೃತಾದಾನವೆಂಬ ಅತಿಚಾರವಾದರೆ, ಇದು ಅದರ ದೂರದ ನೆಂಟನಲ್ಲವೇ? ಹಾಗೆನ್ನುವುದು ಅತಿಯಾದೀತು, ಕದ್ದ ವಸ್ತು ಇಲ್ಲಿಲ್ಲ, ಕೊಳ್ಳುವವನು ಅನ್ಯಾಯವನ್ನು ಮಾಡಲೂ ಇಲ್ಲ, ಮಾಡಿಸಲೂ ಇಲ್ಲ. ಅವನು ಹಳೆಯ ಸಂಸ್ಥೆಯಲ್ಲೇ ಉಳಿದುಬಿಟ್ಟರೆ ಆ ವೃದ್ಧರ ಬಿಲ್ಲು ಒಂದು ಕಾಸೂ ಇಳಿಯುವುದಿಲ್ಲ. ಆದರೆ ಕೃತ, ಕಾರಿತಗಳ ಬಳಿಕ ಅನುಮೋದನೆಯೆಂಬ ಮೂರನೆಯದೊಂದಿದೆ. ತಾನು ಉಳಿಸಿದ ಹಣವನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು, ಹೆಚ್ಚು ಕೊಡುವವರನ್ನು ದಡ್ಡರೆಂದು ನಗುವಾಗ ಅನುಮೋದನೆ ಆಗಿಹೋಗಿರುತ್ತದೆ. ಅದೇ ಮನುಷ್ಯನು ಮೇಲಿನ ಮನೆಯ ಅಜ್ಜಿಯ ಲಕೋಟೆಯನ್ನು ಒಡೆದು ಓದಿ ಹೇಳಿದರೆ ಕಥೆಯೇ ಬೇರೆ. 2024ರ ಸೆಪ್ಟೆಂಬರ್ 12ರಿಂದ ಬ್ರಿಟನ್ನಿನಲ್ಲಿ ಹೊಸ ಸಂಸ್ಥೆಯೊಂದನ್ನು ಸಂಪರ್ಕಿಸಿದರೆ ಸಾಕು, ಹಳೆಯದನ್ನು ಬಿಡಿಸುವ ಕೆಲಸವನ್ನೂ ಅದೇ ಮಾಡಬೇಕೆಂಬ ವ್ಯವಸ್ಥೆ ಜಾರಿಯಲ್ಲಿದೆ. ಅಜ್ಜಿಗೆ ಬೇಕಾದುದು ಅರ್ಧ ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳುವವರು ಮಾತ್ರ.

ಕರ್ನಾಟಕದ ಊರುಗಳ ಸ್ಥಿತಿ ಇನ್ನೊಂದು ಬಗೆಯದು. ಇಲ್ಲಿ ಸಂಸ್ಥೆ ಬದಲಾದರೆ ಸಾಮಾನ್ಯವಾಗಿ ತಂತಿಯೂ ಬದಲಾಗುತ್ತದೆ. ಅನೇಕ ಬೀದಿಗಳಲ್ಲಿ ಸಂಪರ್ಕ ಕೊಡುವವನು ಹಿಂದೆ ಟಿವಿಯ ಕೇಬಲ್ ಎಳೆದ ಹುಡುಗನೇ. ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ಹರಿದರೆ ರಾತ್ರಿಯೇ ಏಣಿ ಹೊತ್ತು ಬರುತ್ತಾನೆ. ತಿಂಗಳ ಹಣಕ್ಕೆ ಎರಡು ವಾರ ತಡವಾದರೂ ತಡೆದುಕೊಳ್ಳುತ್ತಾನೆ. ದೊಡ್ಡ ಸಂಸ್ಥೆಯೊಂದು ನೂರು ರೂಪಾಯಿ ಕಡಿಮೆಗೆ ಬಂದಾಗ ಅವನನ್ನು ಬಿಡಬೇಕೇ ಎಂಬುದು ನಿಜವಾಗಿಯೂ ಯೋಚಿಸತಕ್ಕ ಪ್ರಶ್ನೆ. ಅವನಿಗೆ ಕೊಡುವ ಆ ನೂರು ರೂಪಾಯಿ ಮರೆವಿನಿಂದ ಸೋರಿದ ಹಣವಲ್ಲ; ತಿಳಿದು ಕೊಟ್ಟದ್ದು, ಏಣಿ ಹೊತ್ತವನಿಗೆ ಮುಟ್ಟುವಂಥದು. ಬಿಲ್ಲಿನ ಮೇಲಿನ ಹೆಸರಿಗೆ ತೋರುವ ನಿಷ್ಠೆ ಜಡತನವಾಗಬಹುದು, ಮನುಷ್ಯನಿಗೆ ತೋರುವ ನಿಷ್ಠೆ ಹಾಗಲ್ಲ. ಆದರೆ ಅವನೂ ಹೊಸ ಮನೆಗಳಿಗೆ ಕಡಿಮೆ ಮಾಡಿ ಹಳೆಯ ಮನೆಗಳಿಗೆ ಏರಿಸುತ್ತಿದ್ದರೆ ಒಮ್ಮೆ ಕೂರಿಸಿ ಕೇಳುವುದರಲ್ಲಿ ಸಂಕೋಚ ಬೇಡ.

ಬಸದಿಗಳ ಮತ್ತು ಟ್ರಸ್ಟುಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಸ್ವಂತ ಹಣವನ್ನು ಸೋಮಾರಿತನದಿಂದ ಹೆಚ್ಚು ತೆತ್ತವನು ತನ್ನ ನಷ್ಟವನ್ನು ತಾನೇ ಅನುಭವಿಸುತ್ತಾನೆ. ಅದನ್ನು ಔದಾರ್ಯವೆಂದು ಕರೆದುಕೊಂಡರೂ ಯಾರ ಆಕ್ಷೇಪವಿಲ್ಲ. ಟ್ರಸ್ಟಿಯ ಕೈಯಲ್ಲಿರುವುದು ದೇವದ್ರವ್ಯ. ಕಚೇರಿ, ಕಾವಲು ಕ್ಯಾಮೆರಾ, ಅಭಿಷೇಕದ ನೇರ ಪ್ರಸಾರ ಇವುಗಳಿಗಾಗಿ ಪಡೆದ ಸಂಪರ್ಕಕ್ಕೆ ವರ್ಷಾನುಗಟ್ಟಲೆ ಹಳೆಯ ದರವನ್ನೇ ತೆರುತ್ತಿದ್ದರೆ ಅಲ್ಲಿ ಸೋರುವುದು ಭಕ್ತರ ಕಾಣಿಕೆ. ಅದನ್ನು ವರ್ಷಕ್ಕೊಮ್ಮೆ ವಿಚಾರಿಸಿ ಅಗತ್ಯವಿದ್ದರೆ ಬದಲಿಸುವುದು ಟ್ರಸ್ಟಿಯ ಕರ್ತವ್ಯ, ಲೋಭದ ಮಾತೇ ಅಲ್ಲಿ ಬಾರದು. ಸಂಬಂಧಿಕನ ಏಜೆನ್ಸಿಯೆಂದು ಹೆಚ್ಚು ಕೊಡುವುದೂ, ನೂರು ರೂಪಾಯಿ ಉಳಿಸಲು ಮನೆಬಳಕೆಯ ದರದಲ್ಲಿ ಸುಳ್ಳು ಹೆಸರಿನಿಂದ ಸಂಪರ್ಕ ಪಡೆಯುವುದೂ ಎರಡೂ ತ್ಯಾಜ್ಯ.

ಇದಕ್ಕೆ ದೊಡ್ಡ ಸಭೆಯೇನೂ ಬೇಕಿಲ್ಲ. ಸಂಪರ್ಕವು ಎಂದೋ ತೀರಿಕೊಂಡ ಹಿಂದಿನ ಕಾರ್ಯದರ್ಶಿಯ ಹೆಸರಿನಲ್ಲಿಯೇ ಉಳಿದು, ದರದ ಸೂಚನೆಗಳೆಲ್ಲ ಅವರ ಹಳೆಯ ಮೊಬೈಲ್ ಸಂಖ್ಯೆಗೆ ಹೋಗುತ್ತಿರುವ ಸಂದರ್ಭಗಳುಂಟು. ಮೊದಲು ಆ ಹೆಸರನ್ನೂ ಸಂಖ್ಯೆಯನ್ನೂ ಬದಲಿಸಿ, ಕಳೆದ ಮೂರು ವರ್ಷಗಳ ಬಿಲ್ಲುಗಳನ್ನು ಲೆಕ್ಕಪುಸ್ತಕದೊಡನೆ ಮೇಜಿನ ಮೇಲಿಡುವುದಕ್ಕೆ ಒಂದು ಮಧ್ಯಾಹ್ನ ಸಾಕು.