ಮಾತಿಗೂ ಒಂದು ಸರದಿ

ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕ, ಎಂದರೆ ಮುಂದಾಗುವುದನ್ನು ಹೇಳುವ ದೈವನುಡಿ, ವರ್ಷಕ್ಕೊಮ್ಮೆ, ದಸರೆಯ ಹೊತ್ತಿಗೆ. ಬಯಲು ತುಂಬ ಜನ ನೆರೆದಿರುತ್ತಾರೆ, ನುಡಿ ಮಾತ್ರ ಒಂದೆರಡು ಸಾಲು. ಮಳೆ, ಬೆಳೆ, ರೋಗ, ರಾಜಕಾರಣ ಎಲ್ಲವನ್ನೂ ಆ ಸಾಲಿನೊಳಗಿಂದಲೇ ಬಿಡಿಸಿಕೊಳ್ಳಬೇಕು. ಅರ್ಥ ಹೇಳುವವರು ಹತ್ತು ಮಂದಿಯಾದರೆ ಅರ್ಥವೂ ಹತ್ತಾಗುತ್ತದೆ. ಆದರೂ ಕೇಳಿಸಿಕೊಳ್ಳಲಿಲ್ಲ ಎನ್ನುವವರು ಯಾರೂ ಇರುವುದಿಲ್ಲ. ಅದೇ ದೈವ ದಿನಕ್ಕೆ ಇಪ್ಪತ್ತು ಸಲ ನುಡಿಯತೊಡಗಿದರೆ ತಿಂಗಳೊಳಗೆ ಬಯಲು ಬರಿದಾದೀತು. ಕಡೂರು, ತರೀಕೆರೆ, ಅಜ್ಜಂಪುರದ ಇದೇ ಜನರ ಮೊಬೈಲಿನ ವಾಟ್ಸಾಪ್ ಗುಂಪುಗಳೊಳಗೆ ಈಗ ಬೇರೊಂದು ಜಾತ್ರೆ ದಿನವಿಡೀ ನಡೆಯುತ್ತಿದೆ: ಶುಭೋದಯದ ಹೂವಿನ ಚಿತ್ರ, ಅಡಿಕೆ ಧಾರಣೆ, ಯಾರದೋ ಭಾಷಣ, ಮತ್ತೆ ಅದೇ ಭಾಷಣ. ಇಂಥ ಕಡೆ ಒಬ್ಬರಿಗೆ ದಿನಕ್ಕೆ ಇಷ್ಟೇ ಮಾತು ಎಂದು ಕಟ್ಟಳೆ ಹಾಕಿದರೆ ಏಳುವ ಪ್ರಶ್ನೆ ಸಣ್ಣದಲ್ಲ. ಮತ್ತೊಬ್ಬನ ನಾಲಗೆಗೆ ಲೆಕ್ಕ ಇಡುವುದು ಧರ್ಮವೇ? ಹೌದು ಎಂದೇ ನನ್ನ ವಾದ. ಆದರೆ ಅದಕ್ಕೊಂದು ಷರತ್ತಿದೆ, ಆ ಷರತ್ತನ್ನು ಕಟ್ಟಳೆ ಹಾಕುವವರು ಸಾಮಾನ್ಯವಾಗಿ ಮರೆತೇಬಿಡುತ್ತಾರೆ.

ನಾಲಗೆ ನನ್ನದು, ಮಾತೂ ನನ್ನದು, ಅದಕ್ಕೆ ಅಡ್ಡ ಬರಲು ನೀವ್ಯಾರು ಎನ್ನುವವರು ಒಂದನ್ನು ಎಣಿಸಿಲ್ಲ. ಮಾತು ಆಡುವವನದಾದರೂ ಅದು ಖರ್ಚು ಮಾಡುವುದು ಕೇಳುವವರ ಹೊತ್ತನ್ನು. ನೂರು ಜನರ ಸಭೆಯಲ್ಲಿ ಒಬ್ಬ ಹತ್ತು ನಿಮಿಷ ಮಾತಾಡಿದರೆ ಒಟ್ಟು ಸಾವಿರ ನಿಮಿಷ ಕರಗುತ್ತದೆ. ಸಭೆಯ ಗಮನ ಕೆರೆಯ ನೀರಿನ ಹಾಗೆ ಎಲ್ಲರಿಗೂ ಸೇರಿದ್ದು, ಎಷ್ಟಿದೆಯೋ ಅಷ್ಟೇ. ಮದಗದ ಕೆರೆ, ಅಯ್ಯನಕೆರೆಗಳ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆ ನೀರಾವರಿಯ ಊರುಗಳಲ್ಲಿ ತೂಬಿನ ಹೊಣೆ ನೀರಗಂಟಿಯದು, ಗದ್ದೆಗೆ ನೀರು ಸರದಿಯ ಪ್ರಕಾರ. ತೂಬಿನ ಪಕ್ಕದಲ್ಲೇ ಗದ್ದೆ ಇರುವವನು ಹಗಲೂ ರಾತ್ರಿ ನೀರು ಹಾಯಿಸಿಕೊಂಡರೆ ಅವನೇನೂ ಕಳ್ಳನಲ್ಲ, ಕಾಲುವೆ ಅವನ ಬದುವಿನಲ್ಲೇ ಹರಿಯುತ್ತದೆ. ಆದರೆ ಅಚ್ಚುಕಟ್ಟಿನ ಕೊನೆಯ ಗದ್ದೆ ಒಣಗುತ್ತದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೂ ಜಗಳದ ಸ್ವರೂಪ ಬದಲಾಗಲಿಲ್ಲ. ಮಳೆ ಕೈಕೊಟ್ಟ ವರ್ಷ ನಾಲೆಯ ಕೊನೆಯವರ ದೂರು ಈಗಲೂ ಅದೇ. ಸಭೆಯಲ್ಲೂ ತೂಬಿನ ಪಕ್ಕದವರು ಇರುತ್ತಾರೆ: ಬಿಡುವಿದ್ದವರು, ಸಂಕೋಚವಿಲ್ಲದವರು, ಬೆರಳು ಚುರುಕಾಗಿರುವವರು. ಹೊಲದಿಂದ ಸಂಜೆ ಮನೆಗೆ ಬಂದ ಹೆಂಗಸು ಒಂದು ಪ್ರಶ್ನೆ ಕೇಳಬೇಕೆಂದು ಫೋನು ತೆರೆದರೆ ಇನ್ನೂರು ಸಂದೇಶಗಳ ಕೆಳಗೆ ಅವಳ ಪ್ರಶ್ನೆ ಹೂತುಹೋಗುತ್ತದೆ. ಅವಳ ಬಾಯಿಯನ್ನು ಯಾರೂ ಮುಚ್ಚಿಲ್ಲ ನಿಜ, ನೀರಂತೂ ಅವಳ ಗದ್ದೆಗೆ ಬರಲಿಲ್ಲ.

ಮಾತಿಗೆ ಮಿತಿ ಹಾಕುವುದು ಪಶ್ಚಿಮದ ಸಭಾ ನಡವಳಿಕೆ, ನಮ್ಮದು ಮುಕ್ತ ಸಂವಾದದ ಪರಂಪರೆ ಎಂದು ಕೆಲವರು ಹೇಳುವುದುಂಟು. ಅದು ತಪ್ಪೆಂದು ತಿಳಿಯಲು ಗೌತಮನ ನ್ಯಾಯಸೂತ್ರವನ್ನು ತೆರೆದರೆ ಸಾಕು. ಐದನೆಯ ಅಧ್ಯಾಯದಲ್ಲಿ ವಾದದಲ್ಲಿ ಸೋಲು ತರುವ 22 ನಿಗ್ರಹಸ್ಥಾನಗಳನ್ನು ಎಣಿಸಿದೆ. ಹೇಳಿದ್ದನ್ನೇ ಹೇಳುವ ಪುನರುಕ್ತ ಅವುಗಳಲ್ಲಿ ಒಂದು, ಬೇಕಾದ್ದಕ್ಕಿಂತ ಹೆಚ್ಚು ಹೇಳುವ ಅಧಿಕ ಇನ್ನೊಂದು. ಅಂದರೆ ಅತಿಮಾತನ್ನು ಬರೀ ಅಸಭ್ಯತೆಯೆಂದು ತಳ್ಳಿಹಾಕದೆ ತರ್ಕದ ಸೋಲೆಂದೇ ಲೆಕ್ಕಕ್ಕೆ ಹಿಡಿದರು. ಶೃಂಗೇರಿಯಲ್ಲಿ ಭಾದ್ರಪದದ ಚೌತಿಯಿಂದ ಮೊದಲಾಗುವ ಮಹಾಗಣಪತಿ ವಾಕ್ಯಾರ್ಥ ವಿದ್ವತ್ ಸಭೆಯಲ್ಲಿ ಇಂದಿಗೂ ಪಂಡಿತರು ಓದಿ ಬರುವ ಶಾಸ್ತ್ರ ಇದು.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ನೊಂದವನು ಒಂದೇ ಸಲ ಹೇಳಿದರೆ ಯಾರು ಕೇಳುತ್ತಾರೆ? ಕುಡಿಯುವ ನೀರು ಬಂದಿಲ್ಲ ಎಂದು ಒಂದು ಕೇರಿಯವರು ಹತ್ತು ಸಲ ಕೂಗಬೇಕಾಗುವುದು ಅವರ ಚಪಲದಿಂದಲ್ಲ, ಒಂಬತ್ತು ಸಲ ಯಾರೂ ತಿರುಗಿ ನೋಡಲಿಲ್ಲ ಎಂಬ ಕಾರಣಕ್ಕೆ. ಮಿತಿಯ ಕಟ್ಟಳೆ ಮೊದಲು ಮುಚ್ಚಿಸುವುದು ಇಂಥವರ ಬಾಯಿಯನ್ನೇ ಅಲ್ಲವೇ? ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ನನಗೆ ಬೆರಗು ತರುವುದೆಂದರೆ ಸೂತ್ರಕಾರನಿಗೂ ಅದು ಹೊಳೆದಿತ್ತು ಎಂಬುದು. ಪುನರುಕ್ತವನ್ನು ದೋಷವೆಂದ ಸೂತ್ರವೇ ಅನುವಾದಕ್ಕೆ, ಎಂದರೆ ಕಾರಣವಿದ್ದು ಮತ್ತೆ ಹೇಳುವುದಕ್ಕೆ, ವಿನಾಯಿತಿ ಕೊಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅನನುಭಾಷಣ ಎಂಬ ನಿಗ್ರಹಸ್ಥಾನ. ಒಬ್ಬನ ಮಾತು ಸಭೆಗೆ ತಿಳಿದಿದೆ, ಮೂರು ಸಲ ಹೇಳಿಯೂ ಆಗಿದೆ. ಆಗಲೂ ಎದುರಾಳಿ ಅದನ್ನು ತಿರುಗಿ ನುಡಿದು ಎತ್ತಿಕೊಳ್ಳದೆ ಹೋದರೆ ಸೋತವನು ಎದುರಾಳಿ. ಇನ್ನೊಂದು ಸೂತ್ರದ ಪ್ರಕಾರ ಮೂರು ಸಲ ಹೇಳಿದರೂ ಸಭೆಗಾಗಲಿ ಎದುರಾಳಿಗಾಗಲಿ ಅರ್ಥವಾಗದಂತೆ ಮಾತಾಡಿದವನೇ ಸೋತ. ಆಡುವವನಿಗೂ ಕೇಳುವವನಿಗೂ ಮೂರರ ಗೆರೆಯೇ. ನಾನು ಹೇಳಿದ ಷರತ್ತು ಇದು: ಬಾಯಿಗೆ ಮಿತಿ ಹಾಕುವವರು ಕಿವಿಗೆ ಹೊಣೆ ಹಾಕಬೇಕು. ಉತ್ತರ ಕೊಡುವ ಕರ್ತವ್ಯವಿಲ್ಲದ ಕಡೆ ಸರದಿಯ ಕಟ್ಟಳೆ ಬರೀ ಬಾಯಿಬಡುಕರ ಮೇಲಿನ ಸಿಟ್ಟು, ಒಮ್ಮೊಮ್ಮೆ ಅದಕ್ಕಿಂತ ಕೆಟ್ಟದ್ದು.

ತಿಳಿದವನಿಗೂ ತಿಳಿಯದವನಿಗೂ ಒಂದೇ ಅಳತೆಯೇ ಎಂಬುದು ಮತ್ತೊಂದು ತಕರಾರು. ಇದರಲ್ಲಿ ನನಗೆ ಹೆಚ್ಚು ಹುರುಳು ಕಾಣುವುದಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕನ ಸಭೆಯ ಗಾರ್ಗಿ ಮೊದಲ ಸಲ ಪ್ರಶ್ನೆಯ ಮೇಲೆ ಪ್ರಶ್ನೆ ಪೋಣಿಸುತ್ತಾ ಹೋದಾಗ ಯಾಜ್ಞವಲ್ಕ್ಯ ಅತಿಯಾಗಿ ಕೇಳಬೇಡ, ತಲೆ ಉರುಳೀತು ಎಂದ. ಅದು ಬೆದರಿಕೆಯೇ, ಅದಕ್ಕೆ ಬಣ್ಣ ಹಚ್ಚಬೇಕಿಲ್ಲ. ಆದರೆ ಅವಳಿಗೆ ಸಭೆಯಲ್ಲಿ ಎರಡನೆಯ ಸರದಿ ಉಳಿದಿತ್ತು. ಮತ್ತೆ ಎದ್ದವಳು ಎರಡೇ ಪ್ರಶ್ನೆ ಕೇಳುತ್ತೇನೆಂದು ಸಭೆಯ ಒಪ್ಪಿಗೆ ಪಡೆದಳು. ಅಕ್ಷರತತ್ತ್ವದ, ಎಂದರೆ ಅಳಿವಿಲ್ಲದ ಪರತತ್ತ್ವದ, ವಿವರಣೆ ಹೊರಬಿದ್ದದ್ದು ಆ ಎರಡು ಪ್ರಶ್ನೆಗಳಿಂದ. ತಿಳಿದವರಿಗೆ ಎಣಿಕೆ ತೊಡಕಾಗಲಿಲ್ಲ, ಆರಿಸಿಕೊಳ್ಳುವುದನ್ನು ಕಲಿಸಿತು. ಸರದಿ ಮಾತಿನ ಯೋಗ್ಯತೆಯನ್ನು ತೂಗಲು ಹೋಗುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಯಾರ ಮಾತು ಯೋಗ್ಯ ಎಂದು ಒಬ್ಬ ತೀರ್ಮಾನಿಸತೊಡಗಿದರೆ ಅದು ಸರದಿಯಲ್ಲ, ಸೆನ್ಸಾರು. ಗುಂಪಿನ ಅಡ್ಮಿನ್ ಒಬ್ಬನೇ ಬರೆಯುವಂತೆ ಬೀಗ ಹಾಕುವ ಸೌಲಭ್ಯ ವಾಟ್ಸಾಪಿನಲ್ಲಿ ಇದೆ. ಗದ್ದಲಕ್ಕೆ ಬೇಸತ್ತ ಗುಂಪುಗಳು ಅದನ್ನೇ ಮದ್ದೆಂದುಕೊಳ್ಳುತ್ತವೆ. ತೂಬನ್ನೇ ಮುಚ್ಚಿ ನೀರು ಉಳಿಸಿದೆ ಎಂದ ಹಾಗಾಯಿತು.

ಕಾರ್ಣಿಕದ ಹೋಲಿಕೆಯನ್ನು ಇದಕ್ಕಾಗಿಯೇ ಬಹಳ ದೂರ ಎಳೆಯಬಾರದು. ಅಪರೂಪದ ಮಾತಿಗೆ ತೂಕ ಬರುತ್ತದೆ, ಸರಿ. ಆದರೆ ಕಾರ್ಣಿಕಕ್ಕೆ ಮರುಪ್ರಶ್ನೆಯಿಲ್ಲ. ಹೀಗೆಂದರೆ ಏನರ್ಥ ಎಂದು ಬಯಲಿನಿಂದ ಯಾರೂ ಎದ್ದು ಕೇಳುವಂತಿಲ್ಲ. ದೈವದ ನುಡಿಗೆ ಅದು ಸಲ್ಲಬಹುದು, ನರಮನುಷ್ಯರ ಸಭೆಗೆ ಸಲ್ಲದು. ನಿಮ್ಮ ಸಂಘವೋ ಗುಂಪೋ ದಿನಕ್ಕೆ ಒಂದೆರಡು ಮಾತು ಎಂದು ನಿಯಮ ಬರೆಯುವುದಾದರೆ ಖಂಡಿತ ಬರೆಯಿರಿ. ಅದರ ಕೆಳಗೆ ಇನ್ನೊಂದು ಸಾಲನ್ನೂ ಸೇರಿಸಿ: ಮೂರು ಸಲ ಕೇಳಿದ ಪ್ರಶ್ನೆಗೆ ಹೊಣೆಯುಳ್ಳವರು ಉತ್ತರ ಕೊಡತಕ್ಕದ್ದು. ಎರಡನೆಯ ಸಾಲಿಗೆ ಒಪ್ಪದ ಅಧ್ಯಕ್ಷರಿದ್ದರೆ ಮೊದಲನೆಯದನ್ನೂ ಹಾಕಲು ಬಿಡಬೇಡಿ.