ಬೆಳಕಿನ ಕಾಯಕವೂ ಸಾಕೆಂಬ ಅರಿವೂ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿದ್ದಿತು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನು ಹಿಗ್ಗಲಿಲ್ಲ. ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳು. ಕಥೆ ಚಿಕ್ಕದು, ಅದು ಎತ್ತುವ ಪ್ರಶ್ನೆ ಚಿಕ್ಕದಲ್ಲ. ಎಷ್ಟು ದೊರೆಯುತ್ತದೆ ಎಂಬುದಲ್ಲ, ಎಷ್ಟು ಬೇಕು ಎಂಬುದೇ ಕಾಯಕದ ಅಳತೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಬಿಟ್ಟು ಬಿಸಿಲು ಗಾಳಿಗಳಿಂದ ಶಕ್ತಿಯನ್ನು ಪಡೆಯಬೇಕೆಂದು ಲೋಕವು ಯೋಚಿಸುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗಿದೆ.

ಹಾಸನ ತಾಲ್ಲೂಕಿನ ಕಟ್ಟಾಯದ ಕಡೆಯ ಒಂದು ಮನೆಯ ಮಗನೋ ಮಗಳೋ ಉನ್ನತ ವಿದ್ಯೆಯನ್ನು ಪಡೆದು, ಪರದೇಶದಲ್ಲಿ ನೆಲೆಸಿ, ಹಲವು ರಾಷ್ಟ್ರಗಳಿಗೆ ಶುದ್ಧಶಕ್ತಿಯ ನೀತಿಯನ್ನು ರೂಪಿಸಿಕೊಡುವ ಉದ್ಯೋಗಕ್ಕೆ ಸೇರಿದರೆಂದು ಭಾವಿಸೋಣ. ಅಂಥವರು ತಂತಿಯನ್ನು ಎಳೆಯುವುದಿಲ್ಲ, ದೀಪವನ್ನು ಹಚ್ಚುವುದಿಲ್ಲ; ವರದಿಗಳನ್ನು ಬರೆಯುತ್ತಾರೆ, ಸಭೆಗಳಲ್ಲಿ ಮಾತನಾಡುತ್ತಾರೆ. ಇದು ಕಾಯಕವೆನ್ನಿಸೀತೆ? ಅಥವಾ ನಡೆಯಿಲ್ಲದ ಬರಿಯ ನುಡಿಯೆ?

ಶಕ್ತಿಯು ಶುದ್ಧವಾದ ಮಾತ್ರಕ್ಕೆ ಅದರ ಹಂಚಿಕೆಯೂ ಧರ್ಮವಾಗುವುದಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಹೊಗೆಯಿಲ್ಲದ ಶಕ್ತಿಯೇ ಆಗಿದ್ದಿತು. ಆದರೆ ಅದು ಮೊದಲು ಹರಿದುದು ಹತ್ತಿರದ ಗುಡಿಸಲುಗಳಿಗಲ್ಲ. ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಕೊಳ್ಳಬಲ್ಲವನ ಬೇಡಿಕೆಯು ಬೇಗ ಕೇಳಿಸುತ್ತದೆ. ಇಲ್ಲದವನ ಅವಶ್ಯಕತೆಯು ಮೌನವಾಗಿಯೇ ಉಳಿಯುತ್ತದೆ.

ಈ ಮೌನಕ್ಕೆ ಕಿವಿಗೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು (1930–2006) ಪ್ರಮುಖರು. ವಿದ್ಯುದ್ರಸಾಯನದಲ್ಲಿ ಹೆಸರಾಂತ ಪಂಡಿತರಾಗಿದ್ದ ಅವರು 1974ರಲ್ಲಿ ಗ್ರಾಮಗಳಿಗಾಗಿ 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಶಕ್ತಿಯ ಲೆಕ್ಕವನ್ನು ತೆಗೆದಾಗ ಕಂಡುದೇನು? ಉರಿಯುವ ಶಕ್ತಿಯಲ್ಲಿ ಬಹುಪಾಲು ಒಲೆಯ ಸೌದೆಯದು. ಅದನ್ನು ಹೊರುವ ಶ್ರಮದಲ್ಲಿ ಬಹುಪಾಲು ಹೆಂಗಸರದು, ಮಕ್ಕಳದು.

ಆ ಲೆಕ್ಕದಿಂದಲೇ ಅವರ ಲೋಕನೀತಿಯೂ ಹುಟ್ಟಿತು. ಬ್ರೆಜಿಲ್, ಸ್ವೀಡನ್, ಅಮೆರಿಕ ದೇಶಗಳ ಮೂವರು ವಿದ್ವಾಂಸರೊಡನೆ ಸೇರಿ, ಶಕ್ತಿಯನ್ನು ಜಾಣತನದಿಂದ ಬಳಸಿದರೆ ತಲೆಗೆ ಸುಮಾರು 1 ಕಿಲೋವಾಟ್ ಪ್ರಮಾಣದಲ್ಲಿಯೇ ಮೂಲಾವಶ್ಯಕತೆಗಳನ್ನೂ ಅದಕ್ಕಿಂತ ಹೆಚ್ಚಿನದನ್ನೂ ಪೂರೈಸಬಹುದೆಂದು 1985ರಲ್ಲಿ ತೋರಿಸಿದರು. ಈ ನಾಲ್ವರಿಗೂ 2000ದಲ್ಲಿ ವೋಲ್ವೋ ಪರಿಸರ ಪ್ರಶಸ್ತಿ ದೊರೆಯಿತು. ಕರ್ನಾಟಕಕ್ಕೆ ಬೇಕಾಗುವ ವಿದ್ಯುತ್ತನ್ನು ಸಮಿತಿಯೊಂದು 1987ರಲ್ಲಿ ಅಂದಾಜು ಮಾಡಿದಾಗ, ಎಲ್ಲ ಮನೆಗಳಿಗೂ ದೀಪವನ್ನು ಕೊಟ್ಟೂ ಅದರ ಅರ್ಧಕ್ಕಿಂತ ಕಡಮೆ ಸಾಕೆಂದು ಅವರೂ ಅವರ ಸಂಗಡಿಗರೂ ಲೆಕ್ಕ ಹಾಕಿದರು. ಲಕ್ಕಮ್ಮನ ಪ್ರಶ್ನೆಯೇ ಇಲ್ಲಿ ಅಂಕಿಗಳ ರೂಪವನ್ನು ತಾಳಿದೆ.

ಸೋಲೂ ಅವರನ್ನು ಬಿಡಲಿಲ್ಲ. ಪುರದಲ್ಲಿ ಸಗಣಿ ಅನಿಲದಿಂದ ಅಡುಗೆ ಮಾಡಿಸಬೇಕೆಂಬ ಮೊದಲ ಯೋಜನೆ ಫಲಿಸಲಿಲ್ಲ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ ಕುಡಿಯುವ ನೀರನ್ನೂ ದೀಪವನ್ನೂ ಕೊಟ್ಟಾಗ ಊರು ಕೈಗೂಡಿಸಿತು; ಕೊಟ್ಟ ಸಗಣಿಯನ್ನು ತೂಗಿ, ಗೊಬ್ಬರವನ್ನು ಮನೆಗಳಿಗೆ ಹಿಂದಿರುಗಿಸಲಾಯಿತು. ಅದೂ ಹಲವು ವರ್ಷ ನಡೆದು ನಿಂತಿತು. ನಿಂತುದೇಕೆಂಬುದನ್ನು ರೆಡ್ಡಿಯವರು ಮುಚ್ಚಿಡಲಿಲ್ಲ. 2004ರಲ್ಲಿ ಅದರ ಪಾಠಗಳನ್ನು ಬರೆದು ಪ್ರಕಟಿಸಿದರು. ತನ್ನ ನುಡಿಯನ್ನು ನಡೆಯ ಮುಂದೆ ನಿಲ್ಲಿಸಿ ಪರೀಕ್ಷಿಸಿಕೊಳ್ಳುವ ಈ ಧೈರ್ಯವೇ ನುಡಿಯ ಉದ್ಯೋಗವನ್ನು ಕಾಯಕವಾಗಿಸುವುದು.

ಇಲ್ಲೊಂದು ಎಚ್ಚರ ಬೇಕು. 'ಸಾಕು' ಎಂಬುದು ಉಂಡವನು ಹಸಿದವನಿಗೆ ಹೇಳುವ ಮಾತಲ್ಲ. ಲಕ್ಕಮ್ಮನು ಅದನ್ನು ಹೇಳಿದುದು ತನ್ನ ಮನೆಗೆ, ನೆರೆಮನೆಗಲ್ಲ. ಶತಮಾನಕ್ಕೂ ಹೆಚ್ಚು ಕಾಲ ಕಲ್ಲಿದ್ದಲನ್ನು ಸುಟ್ಟು ಸಿರಿವಂತವಾದ ನಾಡುಗಳು ಬಡನಾಡಿಗೆ ಮಿತವನ್ನು ಬೋಧಿಸಿದರೆ ಅದು ಧರ್ಮವಲ್ಲ. ಹಾಗೆಯೇ ನಮ್ಮ ಪೇಟೆಗಳ ಉಳ್ಳವರು ಹಳ್ಳಿಯ ಬಡವನ ಪಂಪನ್ನು ದೂರುತ್ತ ತಮ್ಮ ಮನೆಯ ತಂಪುಯಂತ್ರಗಳನ್ನು ಮರೆತರೆ ಅದೂ ಧರ್ಮವಲ್ಲ. ಮಿತವು ಮೊದಲು ಉಳ್ಳವನ ವ್ರತ. ಇಲ್ಲದವನಿಗೆ ಮೊದಲು ದೊರೆಯಬೇಕಾದುದು ಬೆಳಕು.

ಆದುದರಿಂದ ಕಟ್ಟಾಯದಿಂದ ಹೊರಟವರು ಲೋಕದ ಯಾವ ಸಭೆಯಲ್ಲಿ ಕುಳಿತರೂ ದೋಷವಿಲ್ಲ. ಕಡತವನ್ನು ಮುಚ್ಚುವ ಮುನ್ನ ಒಂದು ಪ್ರಶ್ನೆಯನ್ನು ತಮಗೆ ಹಾಕಿಕೊಳ್ಳಲಿ: ಈ ನೀತಿಯಿಂದ ಯಾವ ತಾಯಿಯ ತಲೆಯ ಮೇಲಿನ ಸೌದೆಹೊರೆ ಇಳಿಯಿತು? ಉತ್ತರ ದೊರೆತರೆ ಅದು ಕಾಯಕ. ಮಿಕ್ಕುದು ಅಂಗಳಕ್ಕೆ ಹಿಂದಿರುಗಿಸಬೇಕಾದ ಅಕ್ಕಿ.